ಬರ್ತೀನಿ ಎಂದು ಹೇಳಿ ಹೋಗುತ್ತಿದ್ದ ಡಾಕ್ಟರಮ್ಮ

ಸಾವಾದ ಮನೆಯಿಂದ ಹೊರಡುವಾಗ ನಮ್ಮ ಕಡೆ ಯಾರೂ 'ಬರ್ತೀನಿ' ಎನ್ನುವುದಿಲ್ಲ. ಹೇಳದೆ ಎದ್ದು ಹೋಗಬೇಕು. ಮನೆಯವರೂ 'ಹೋಗಿ ಬನ್ನಿ' ಎನ್ನುವುದಿಲ್ಲ. ಇಂಥ ಕಾರಣಕ್ಕೆ ಈ ಮನೆಗೆ ಮತ್ತೆ ಬರುವ ಹಾಗಾಗದಿರಲಿ ಎಂಬುದು ಅದರ ಅರ್ಥ. ಚಿಕ್ಕ ಮಕ್ಕಳಿಗೂ ಇದು ಗೊತ್ತಿರುತ್ತದೆ. ಗೊತ್ತಿಲ್ಲದೆ ಬಾಯಿ ತೆರೆದರೆ ಪಕ್ಕದಲ್ಲಿದ್ದ ದೊಡ್ಡವರು ತೊಡೆ ಚಿವುಟುತ್ತಾರೆ.

ಅವರು ನಮ್ಮ ಮನೆಗೆ ಮೊದಲ ಸಲ ಬಂದದ್ದು ಅಕ್ಕನ ತಿಥಿ ಮುಗಿದ ಮರುವಾರ. ಹೊರಡುವಾಗ ಹೊಸಿಲಾಚೆ ನಿಂತು ಚಪ್ಪಲಿ ಮೆಟ್ಟುತ್ತಾ, ಒಳಗೆ ಗೋಡೆಗೆ ಒರಗಿ ಕುಳಿತಿದ್ದ ಅಮ್ಮನ ಕಡೆ ತಿರುಗಿ, "ಬರ್ತೀನಿ ಕಣಮ್ಮಾ" ಎಂದರು. ಗಟ್ಟಿಯಾಗಿಯೇ ಅಂದರು. ಅಂಗಳದಲ್ಲಿದ್ದ ದೊಡ್ಡಮ್ಮ ಗಾಬರಿಯಾಗಿ, "ಅಯ್ಯೋ, ಹಂಗನ್ಬಾರ್ದು ಮೇಡಂ" ಎಂದಳು.

"ಗೊತ್ತು. ನಾನೂ ಇದೇ ಜಿಲ್ಲೆಯೋಳೇ. ಗೊತ್ತಿದ್ದೇ ಅಂದೆ" ಎಂದು ಹೇಳಿ ಅವರು ನಡೆದುಬಿಟ್ಟರು.

ಈಚೆಗೆ ಅವರು ನಿವೃತ್ತರಾದರು. ಬೀಳ್ಕೊಡುಗೆಯ ದಿನ ನನ್ನನ್ನೂ ನಾಲ್ಕು ಮಾತು ಆಡಲು ಕರೆದರು. ವೇದಿಕೆಯ ಮೇಲೆ ಮಾತಾಡುವುದು ನನ್ನಿಂದಾಗದು. ಎದ್ದು ನಿಂತು, ನಮಸ್ಕಾರ ಮಾಡಿ, ಕುಳಿತೆ. ಆವತ್ತು ಆಡದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಹೆಸರು ಹಾಕುವುದಿಲ್ಲ, ಹಾಕಿದರೆ ಬೈಯುತ್ತಾರೆ. ಊರೂರಿನಲ್ಲಿ ಅವರನ್ನು ಡಾಕ್ಟರಮ್ಮ ಎನ್ನುತ್ತಿದ್ದರು, ನನಗೂ ಅಷ್ಟು ಸಾಕು.

ಅವರ ಕೆಲಸ ಏನೆಂದು ಮೊದಲು ಹೇಳಬೇಕು. ಹೆರಿಗೆಯಲ್ಲೋ ಬಾಣಂತನದಲ್ಲೋ ಹೆಣ್ಣುಮಗಳೊಬ್ಬಳು ಸತ್ತರೆ ಆರೋಗ್ಯ ಇಲಾಖೆಯಿಂದ ಒಬ್ಬರು ಆ ಮನೆಗೆ ಹೋಗಿ ಏನಾಯಿತೆಂದು ಕೇಳುತ್ತಾರೆ. ಮನೆಯಿಂದ ಆಸ್ಪತ್ರೆಯ ತನಕ, ಒಂದು ಆಸ್ಪತ್ರೆಯಿಂದ ಇನ್ನೊಂದರ ತನಕ, ಎಲ್ಲೆಲ್ಲಿ ಹೊತ್ತು ಕಳೆಯಿತು ಎಂದು ಹುಡುಕುತ್ತಾರೆ. ಮುಂದಿನವಳಿಗೆ ಹಾಗಾಗದಿರಲು ಏನು ಬದಲಾಗಬೇಕು ಎಂದು ಕೂತು ಯೋಚಿಸುತ್ತಾರೆ. ಡಾಕ್ಟರಮ್ಮ ಬಹಳ ವರ್ಷ ಹೆರಿಗೆ ಮಾಡಿಸಿ, ಕೊನೆಯ ಕೆಲವು ವರ್ಷ ಈ ಕೆಲಸ ಮಾಡಿದರು. "ಮೊದಲು ಬಾಗಿಲಲ್ಲಿ ನಿಂತು ಮಕ್ಕಳನ್ನ ಬರ ಮಾಡ್ಕೊತಿದ್ದೆ. ಈಗ ಹಿಂದಿನ ಬಾಗಿಲಿಗೆ ಹೋಗಿ, ತಾಯಂದಿರನ್ನ ಹೆಂಗೆ ಹೋದ್ರಿ ಅಂತ ಕೇಳ್ತಿದೀನಿ" ಎನ್ನುತ್ತಿದ್ದರು.

ಕುಳ್ಳಗೆ, ದಪ್ಪಗೆ ಇದ್ದರು. ಮೊಣಕಾಲು ನೋವಿತ್ತು, ಆದರೂ ನೆಲದ ಮೇಲೆಯೇ ಕೂರುತ್ತಿದ್ದರು. ಏಳುವಾಗ ಗೋಡೆ ಹಿಡಿದು, ಮಂಡಿ ಲಟಕ್ಕೆಂದರೆ, "ಬಂತು ನಮ್ಮ ವಾದ್ಯ" ಎನ್ನುತ್ತಿದ್ದರು. ಜೀಪು ಹತ್ತಿದರೆ ಬಾಯಿ ತೆರೆದುಕೊಂಡು ನಿದ್ದೆ. ದೇವನಹಳ್ಳಿಯ ಚಕ್ಕೋತ ಕಂಡರೆ ಮಾತ್ರ ಎಚ್ಚರವಾಗುತ್ತಿತ್ತು. ರಸ್ತೆ ಬದಿ ನಿಲ್ಲಿಸಿ, ಎತ್ತಿ ತೂಗಿ ನೋಡಿ, ಒಂದೆರಡು ಕೊಂಡು, ಸಿಪ್ಪೆಯನ್ನು ಸಾವಧಾನವಾಗಿ ಬಿಡಿಸುತ್ತಾ ಕೂರುತ್ತಿದ್ದರು. ಅವರ ಕೈಚೀಲದಲ್ಲಿ ಬಿ.ಪಿ. ಯಂತ್ರದ ಪಕ್ಕ ಯಾವಾಗಲೂ ಒಂದು ಹಣ್ಣು. ಡ್ರೈವರ್ ರೇಗಿಸುತ್ತಿದ್ದ: "ಮೇಡಂ, ಇದು ಬ್ಯಾಗಲ್ಲ, ತೋಟ."

"ಹೂಂ ಕಣಪ್ಪ. ನಿಂಗೂ ಒಂದು ತೊಳೆ ಕೊಡ್ತೀನಿ, ಬಾಯ್ಮುಚ್ಕೊಂಡು ಓಡ್ಸು."

ನಮ್ಮ ಊರು ಅರಿಶಿನಕುಂಟೆ ದಾಟಿದ ಮೇಲೆ, ತುಮಕೂರು ಹೆದ್ದಾರಿಯ ಮಗ್ಗುಲಲ್ಲಿದೆ. ಆಗ ನಾನು ಸ್ಟ್ಯಾಟಿಸ್ಟಿಕ್ಸ್ ಎಂ.ಎಸ್ಸಿ. ಓದುತ್ತಿದ್ದೆ. ಅಕ್ಕನನ್ನು ಹೊಸಕೋಟೆ ಕಡೆಯ ಸಮೇತನಹಳ್ಳಿಗೆ ಕೊಟ್ಟಿತ್ತು. ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಹೆರಿಗೆ ಆಸ್ಪತ್ರೆಯಲ್ಲೇ ಆಯಿತು, ಹೆಣ್ಣು ಮಗು. ಮನೆಗೆ ಕರೆದುಕೊಂಡು ಬಂದು, ಬಾಣಂತನ ನಡೆಯುತ್ತಿದ್ದಾಗ, ಒಂದು ಬೆಳಿಗ್ಗೆ ಅಮ್ಮ ಹಂಡೆ ಕಾಯಿಸಿ ಅಕ್ಕನಿಗೆ ನೀರು ಹಾಕಿದಳು. ಆ ಸಂಜೆ ಅಕ್ಕ ಇರಲಿಲ್ಲ. ರಕ್ತ ಹೋಗಿ ಸತ್ತಳು. ಅವಳ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯುವುದಿಲ್ಲ. ಅವಳು ನಮ್ಮ ಮನೆಯವಳು.

ಬಾಣಂತಿಗೆ ನೀರು ಹಾಕುವುದನ್ನು ಕಂಡವರಿಗೆ ಗೊತ್ತು. ಇನ್ನೇನು ಕುದಿಯುವಂತಿರುವ ನೀರನ್ನು ಬೆನ್ನಿಗೆ, ಸೊಂಟಕ್ಕೆ ತಂಬಿಗೆಯಲ್ಲಿ ರಭಸದಿಂದ ಹೊಯ್ಯುತ್ತಾರೆ. ಅಕ್ಕನ ಅತ್ತೆ ಸುದ್ದಿ ಕೇಳಿ ಬಂದವರೇ ಅಂಗಳದಲ್ಲಿ ನಿಂತು, "ಕುದಿಯೋ ನೀರು ಹುಯ್ದು ನನ್ನ ಸೊಸೆ ಮೈಲಿದ್ದ ರಕ್ತಾನೆಲ್ಲಾ ಹರಿಸ್ಬಿಟ್ಲು" ಎಂದರು. ಎಲ್ಲರೂ ಕೇಳಿಸಿಕೊಂಡರು. ಅಮ್ಮನೂ ಕೇಳಿಸಿಕೊಂಡಳು, ಕೇಳಿಸಿಕೊಂಡದ್ದನ್ನು ನಂಬಿದಳು.

ಅಂದಿನಿಂದ ಅವಳು ಮಗುವನ್ನು ಮುಟ್ಟಲಿಲ್ಲ. ಮಗು ಅತ್ತರೆ ಏಳುತ್ತಿರಲಿಲ್ಲ, ಆ ಕಡೆ ನೋಡುತ್ತಲೂ ಇರಲಿಲ್ಲ. ಬಚ್ಚಲ ಒಲೆಯ ಬಾಯಿಗೆ ಒಂದು ತಗಡು ಮುಚ್ಚಿ, ಅದು ಬೀಳದಂತೆ ಕಲ್ಲು ಒತ್ತಿದ್ದಳು. ನಾವು ಗ್ಯಾಸಿನ ಮೇಲೆ ಒಂದು ಪಾತ್ರೆ ನೀರು ಕಾಯಿಸಿಕೊಂಡು ಸ್ನಾನ ಮಾಡುತ್ತಿದ್ದೆವು. ಮಗುವಿಗೆ ಹಾಲು ಕುಡಿಸುವುದು, ಒದ್ದೆ ಬಟ್ಟೆಯಲ್ಲಿ ಮೈ ಒರೆಸುವುದು ನನ್ನ ಕೆಲಸವಾಗಿತ್ತು. ಅತ್ತೆ ಮಗುವನ್ನು ಸಮೇತನಹಳ್ಳಿಗೆ ಕರೆದುಕೊಂಡು ಹೋಗುವ ಮಾತು ತೆಗೆದಾಗ ಅಮ್ಮ, "ತಗೊಂಡ್ಹೋಗಿ. ನನ್ನ ಕೈ ಸರಿಯಿಲ್ಲ" ಎಂದಳು. ನನಗೆ ಭಯವಾದದ್ದು ಆಗ. ಅಕ್ಕ ಹೋದಳು, ಇನ್ನು ಮಗುವೂ ಹೋದರೆ ಅಮ್ಮ ಆ ಗೋಡೆಯಿಂದ ಏಳುವುದೇ ಇಲ್ಲ ಎನ್ನಿಸಿತು.

ಇಂಥ ಮನೆಗೆ ಡಾಕ್ಟರಮ್ಮ ಬಂದರು. ಜೀಪನ್ನು ಡೈರಿ ಹತ್ತಿರವೇ ಬಿಟ್ಟು ನಡೆದು ಬಂದಿದ್ದರು. ಸರ್ಕಾರಿ ಗಾಡಿ ಮನೆ ಮುಂದೆ ನಿಂತರೆ ಪೊಲೀಸರು ಬಂದ ಹಾಗಿರುತ್ತದೆ ಎಂದು ಆಮೇಲೊಮ್ಮೆ ಹೇಳಿದರು. ಒಳಗೆ ಬಂದು ಅಮ್ಮನ ಪಕ್ಕ ನೆಲದ ಮೇಲೆ ಕೂತು, ನನ್ನ ಕಡೆ ನೋಡಿ, "ಒಂದು ಲೋಟ ನೀರು ಕೊಡ್ತೀಯಾ?" ಎಂದರು. ಆ ದಿನಗಳಲ್ಲಿ ನಮ್ಮ ಮನೆಯಲ್ಲಿ ಯಾರೂ ನೀರು ಕೇಳುತ್ತಿರಲಿಲ್ಲ. ಅಕ್ಕನ ಅತ್ತೆಯಂತೂ ಮಗುವನ್ನು ನೋಡಲು ಬಂದಾಗ ಸಮೇತನಹಳ್ಳಿಯಿಂದ ಬಾಟಲಿಯಲ್ಲಿ ನೀರು ತಂದುಕೊಂಡು ಬರುತ್ತಿದ್ದರು. ಆ ಹೊತ್ತು ಅವರೂ ಅಲ್ಲೇ, ಬಾಗಿಲ ಪಕ್ಕ, ಬಾಟಲಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಡಾಕ್ಟರಮ್ಮ ಲೋಟ ಕಚ್ಚಿಕೊಂಡು ಪೂರ್ತಿ ನೀರು ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡು, "ಆವತ್ತು ಬೆಳಿಗ್ಗೆ ಎದ್ದಾಗಿಂದ ಹೇಳ್ರಮ್ಮ" ಎಂದರು.

ಅತ್ತೆ ಶುರುಮಾಡಿದರು: "ಅವಳೇನು ಹೇಳ್ತಾಳೆ? ನಾನು ಹೇಳ್ತೀನಿ ಕೇಳಿ."

"ನೀವು ಆವತ್ತು ಇಲ್ಲಿದ್ರಾ?"

"ಇರ್ಲಿಲ್ಲ. ಆದ್ರೂ..."

"ಹಂಗಾದ್ರೆ ಇದ್ದೋರು ಹೇಳ್ಲಿ. ನಿಮ್ಮ ಸರದಿ ಬಂದಾಗ ನಿಮ್ಮನ್ನೂ ಕೇಳ್ತೀನಿ, ಬಿಡಲ್ಲ."

ಆಗ ಅಮ್ಮ, "ನಾನೇ ಸಾಯಿಸ್ಬಿಟ್ಟೆ" ಎಂದಳು.

ಬೇರೆ ಯಾರಾದರೂ ಆಗಿದ್ದರೆ ಹಾಗನ್ನಬೇಡಿ, ನಿಮ್ಮ ತಪ್ಪೇನೂ ಇಲ್ಲ ಎನ್ನುತ್ತಿದ್ದರು. ಊರಿನವರು ಆ ವಾರವೆಲ್ಲ ಅದನ್ನೇ ಹೇಳಿದ್ದರು. ಅಮ್ಮನಿಗೆ ಅದು ನಾಟಿರಲಿಲ್ಲ. ಡಾಕ್ಟರಮ್ಮ ಅಂದದ್ದು ಇಷ್ಟೇ: "ಅದನ್ನ ಆಮೇಲೆ ನೋಡೋಣ. ಮೊದಲು ಹಂಡೆಗೆ ಸೌದೆ ಹಾಕಿದ್ದು ಯಾವಾಗ ಹೇಳಿ. ಡೈರಿಗೆ ಹಾಲು ಹಾಕಿ ಬಂದಿದ್ರಾ, ಇನ್ನೂ ಇಲ್ವಾ?"

ನನಗೆ ಆಗ ಅದು ಕಲ್ಲುಮನಸ್ಸಿನ ಮಾತಾಗಿ ಕಂಡಿತು. ಆದರೆ ಅಮ್ಮ ಯೋಚಿಸಿದಳು. "ಹಾಲು ಹಾಕಿ ಬಂದಿದ್ದೆ" ಎಂದಳು. ಅಲ್ಲಿಂದ ಒಂದೊಂದೇ ಎಳೆ ಬಂತು. ನೀರು ಹಾಕುವಾಗ ಬಚ್ಚಲ ನೀರು ಕೆಂಪಾಗಿ ಹರಿದದ್ದು. ಹೆತ್ತ ಮೇಲೆ ಹೋಗುವುದೇ ಇದು ಎಂದುಕೊಂಡು ಸ್ನಾನ ಮುಗಿಸಿ, ಹೊದಿಸಿ ಮಲಗಿಸಿದ್ದು. ತಿಂಡಿಯ ಹೊತ್ತಿಗೆ ಬಟ್ಟೆ ನೆನೆದು, ಬದಲಾಯಿಸಿದ ಬಟ್ಟೆಯೂ ನೆನೆದದ್ದು. ಆಗ ನನ್ನನ್ನು ಕೂಗಿದ್ದು, ಮಗುವನ್ನು ನೋಡಲು ಹಿಂದಿನ ದಿನ ಬಂದಿದ್ದ ಭಾವ ಆಂಬುಲೆನ್ಸಿಗೆ ಫೋನ್ ಮಾಡಿದ್ದು. ಎಲ್ಲಿಗೆ ಬರಬೇಕು ಎಂದು ಅವರು ಕೇಳಿದಾಗ ಭಾವ 'ಹೈವೇಗೆ ಬನ್ನಿ, ನಾವು ಅಲ್ಲೇ ನಿಂತಿರ್ತೀವಿ' ಎಂದದ್ದು. ಆಟೋದಲ್ಲಿ ಅಕ್ಕನನ್ನು ಹೆದ್ದಾರಿಯ ಅಂಚಿಗೆ ಕರೆದುಕೊಂಡು ಹೋಗಿ ನಿಂತಾಗ, ಆಂಬುಲೆನ್ಸು ಹೆದ್ದಾರಿಯ ಆಚೆಬದಿಯಲ್ಲಿ, ತುಮಕೂರಿನ ಕಡೆ ಹೋಗುವ ರಸ್ತೆಯಲ್ಲಿ ಬಂದದ್ದು. ನಡುವೆ ಎತ್ತರದ ವಿಭಜಕ, ಕಬ್ಬಿಣದ ಬೇಲಿ. ಭಾವ ಟವೆಲ್ ಬೀಸಿದರು. ಅವರೂ ನಮ್ಮನ್ನು ಕಂಡರು, ಕೈ ತೋರಿಸಿದರು, ಮುಂದೆ ಹೋದರು. ತಿರುಗಿ ಬರಲು ಎಲ್ಲೋ ದೂರದ ತಿರುವು.

ಇದನ್ನೆಲ್ಲ ಕೇಳುವಾಗ ಡಾಕ್ಟರಮ್ಮ ಒಮ್ಮೆಯೂ ಯಾಕೆ ಎನ್ನಲಿಲ್ಲ. ಪ್ರತಿ ಸಲವೂ, "ಆಮೇಲೆ ಏನಾಯ್ತು?" ಎನ್ನುತ್ತಿದ್ದರು. ಒಳಗೆ ಮಗು ಅತ್ತಿತು. ನಾನು ಎದ್ದೆ, ಅಮ್ಮ ಕದಲಲಿಲ್ಲ. ಡಾಕ್ಟರಮ್ಮ ಅದನ್ನು ನೋಡಿದರು. ಮಗುವನ್ನು ಬಟ್ಟೆಯ ಜೋಲಿಯಲ್ಲಿ ತೂಗಿ, ತೂಕ ಪರವಾಗಿಲ್ಲ ಎಂದು, "ಇದಕ್ಕೆ ನೀರು ಹಾಕೋರು ಯಾರು?" ಎಂದು ಕೇಳಿದರು. ನಾನು ಮೈ ಒರೆಸುತ್ತೇನೆ ಎಂದೆ. "ಅಜ್ಜಿ?" ಎಂದರು. ನಾನು ಬಚ್ಚಲ ಕಡೆ ನೋಡಿದೆ. ಅವರು ಎದ್ದು ಬಚ್ಚಲಿಗೆ ಹೋಗಿ, ತಗಡನ್ನೂ ಕಲ್ಲನ್ನೂ ನೋಡಿಕೊಂಡು ಬಂದರು. ಹೊರಟರು. ಆಗಲೇ ಆ 'ಬರ್ತೀನಿ ಕಣಮ್ಮಾ.'

ಅವರು ಹೋದ ಮೇಲೆ ಅಮ್ಮ ಗೋಡೆಗೆ ಹೇಳುವ ಹಾಗೆ, "ಬರ್ತಾರಂತೆ. ಇಂಥೋರೆಲ್ಲ ಎಲ್ ಬರ್ತಾರೆ" ಎಂದಳು. ಅತ್ತೆ ಮುಂದಿನ ಸಲ ಬರುವಾಗ ಮಗುವನ್ನು ಕರೆದುಕೊಂಡು ಹೋಗುವುದಾಗಿ ತಿಳಿಸಿ ಹೊರಟರು.

ಅದಾಗಿ ಕೆಲವು ದಿನಕ್ಕೆ ಯೂನಿವರ್ಸಿಟಿಯಿಂದ ಬಸ್ಸಿನಲ್ಲಿ ಮರಳುವಾಗ ಅವರನ್ನು ಮತ್ತೆ ಕಂಡೆ. ನಮ್ಮೂರ ಸರ್ವಿಸ್ ರಸ್ತೆಯಲ್ಲಿ, ಮಟಮಟ ಬಿಸಿಲಿನಲ್ಲಿ, ತಲೆಯ ಮೇಲೆ ಸೆರಗು ಹೊದ್ದು, ಫೋನ್ ಕಿವಿಗೆ ಒತ್ತಿಕೊಂಡು ಕೂಗುತ್ತಿದ್ದರು. "ಎಲ್ಲಿದೀಯಪ್ಪಾ? ಹೈವೇಲಾ? ನಾನೂ ಹೈವೇಲೇ ಇದೀನಿ! ಕಾಣ್ತಿದೀನಾ? ಹೂಂ, ನಂಗೂ ಕಾಣ್ತಿದೀಯ. ಬಾ ಮತ್ತೆ!" ರಸ್ತೆಯಾಚೆ ಅವರ ಜೀಪು, ಅದರ ಕಿಟಕಿಯಿಂದ ಡ್ರೈವರ್ ಕೈಯಾಡಿಸುತ್ತಿದ್ದ. ಲಾರಿಗಳು ನಡುವೆ ಹಾಯುತ್ತಿದ್ದವು. ಅಂಗಡಿಯವರು ಎದ್ದು ಬಂದು ನೋಡುತ್ತಿದ್ದರು. ಅವರು ಡ್ರೈವರನ್ನು ಆಂಬುಲೆನ್ಸ್ ಮಾಡಿಕೊಂಡು, ತಾವು ನಾವಾಗಿ, ಆ ದಿನವನ್ನು ಮತ್ತೆ ನಡೆಸಿ ನೋಡುತ್ತಿದ್ದರು. ಜೀಪು ದೂರದ ತಿರುವಿಗೆ ಹೋಗಿ, ತಿರುಗಿ, ನಮ್ಮ ಬದಿಗೆ ಬಂದು ನಿಲ್ಲುವವರೆಗೂ ಅವರು ಬಿಸಿಲಿನಲ್ಲೇ ನಿಂತರು. ನೆರಳಿಗೆ ಬನ್ನಿ ಎಂದು ಅಂಗಡಿಯವನು ಕರೆದ. "ಇರಪ್ಪ, ಆ ಹುಡುಗಿಗೆ ನೆರಳಿತ್ತಾ?" ಎಂದರು. ನಾನು ಮಾತಾಡಿಸದೆ ಮನೆಗೆ ಬಂದೆ. ಅಮ್ಮನಿಗೆ ಕಂಡದ್ದನ್ನು ಹೇಳಿದೆ. ಅವಳು ಕೇಳಿಸಿಕೊಂಡಳೋ ಇಲ್ಲವೋ ತಿಳಿಯಲಿಲ್ಲ.

ಅವರು ಎರಡನೆಯ ಸಲ ಬಂದದ್ದು ಅತ್ತೆ, ಭಾವ ಇಬ್ಬರೂ ಮಗುವನ್ನು ಕರೆದುಕೊಂಡು ಹೋಗಲು ಬಂದಿದ್ದ ದಿನ. ಕಾಕತಾಳೀಯವಲ್ಲ, ಭಾವನಿಗೆ ಫೋನ್ ಮಾಡಿ ತಿಳಿದುಕೊಂಡಿದ್ದರು. ಮತ್ತೆ ನೆಲದ ಮೇಲೆ ಕೂತು, ಮತ್ತೆ ನೀರು ಕೇಳಿ ಕುಡಿದು, ಅಮ್ಮನನ್ನು ಕೇಳಿದರು: "ನಮಗೆ ಗೊತ್ತಾಗಿದ್ದನ್ನ ಹೇಳೋಕೆ ಬಂದಿದೀನಿ. ನಿಮಗೊಬ್ರಿಗೇ ಹೇಳ್ಲಾ, ಎಲ್ಲರ ಮುಂದೆ ಹೇಳ್ಲಾ?"

ಅಮ್ಮ, "ಎಲ್ರೂ ಕೇಳ್ಲಿ ಬಿಡಿ" ಎಂದಳು. ಶಿಕ್ಷೆ ಕೇಳಲು ಕೂತವಳ ಹಾಗೆ ಕೂತಿದ್ದಳು.

"ಹೆರಿಗೆಯಾದಾಗ ಮಗು ಹಿಂದೆ ಬರೋ ಮಾಸು ಪೂರ್ತಿ ಆಚೆ ಬಂದಿರ್ಲಿಲ್ಲ. ಒಂದು ಚೂರು ಒಳಗೇ ಉಳ್ಕೊಂಡಿತ್ತು. ಕೊನೇ ಆಸ್ಪತ್ರೆಯೋರು ಸ್ಕ್ಯಾನ್ ಮಾಡಿದಾಗ ಕಂಡಿದ್ದಾರೆ. ರಕ್ತ ಹೋಗಿದ್ದು ಅದ್ರಿಂದ. ಅದನ್ನ ನೋಡ್ಬೇಕಾಗಿದ್ದೋರು ಹೆರಿಗೆ ಮಾಡ್ಸಿದ ನಾವು. ನಿಮಗೆ ಕಾಣೋ ವಿಷಯ ಅಲ್ಲ ಅದು."

ಹೆರಿಗೆ ಮಾಡಿಸಿದವರು ಅವರಲ್ಲ, ಅವರ ಆಸ್ಪತ್ರೆಯೂ ಅಲ್ಲ. ಆದರೂ 'ನಾವು' ಎಂದರು. ಮುಂದೆಯೂ ಹಾಗೇ ಹೇಳುತ್ತಾ ಹೋದರು. ಮನೆಗೆ ಕಳಿಸುವಾಗ, ಎಷ್ಟು ರಕ್ತ ಹೋದರೆ ಹೆಚ್ಚು ಎಂದು ಹೇಳಿ ಕಳಿಸಬೇಕಿತ್ತು, ನಾವು ಹೇಳಲಿಲ್ಲ. ಆಂಬುಲೆನ್ಸಿನವರು ಯಾವ ಬದಿ ಎಂದು ಕೇಳಬೇಕಿತ್ತು, ನಾವು ಕೇಳಲಿಲ್ಲ. ಮೊದಲು ಹೋದ ಆಸ್ಪತ್ರೆಯಲ್ಲಿ ರಕ್ತ ಇರಲಿಲ್ಲ, ಮುಂದಕ್ಕೆ ಕಳಿಸಿದೆವು. ಆದರೆ ಮುಂದಿನವರಿಗೆ ಫೋನ್ ಮಾಡಿ ಸಿದ್ಧವಾಗಿರಿ ಎನ್ನಲಿಲ್ಲ. "ಹೊತ್ತು ಕಳೆದಿದ್ದು ಹೆಚ್ಚಾಗಿ ಇಲ್ಲೆಲ್ಲ. ನಿಮ್ಮ ಮನೇಲಲ್ಲ."

ಭಾವ ತಲೆ ಬಗ್ಗಿಸಿ, "ನಾನು ಹೈವೇಗೆ ಬನ್ನಿ ಅಂದೆ" ಎಂದರು.

"ಎಲ್ರೂ ಹಂಗೇ ಅಂತಾರಪ್ಪ. ಸರಿಯಾಗಿ ಕೇಳೋದು ನಮ್ಮ ಕೆಲಸ."

ಆಗ ಅಮ್ಮ ಕೇಳಿದಳು. ಅಷ್ಟು ದಿನದಲ್ಲಿ ಅವಳು ಕೇಳಿದ ಒಂದೇ ಪ್ರಶ್ನೆ ಅದು: "ನೀರು?"

"ನೀರಿಂದ ಅಲ್ಲ."

"ಬಿಸಿ ಜಾಸ್ತಿ ಇತ್ತು."

"ಇರ್ಬೋದು. ನಮ್ಮಮ್ಮನೂ ನಂಗೆ ಚರ್ಮ ಸುಲಿಯೋ ಹಂಗೆ ಹುಯ್ದಿದ್ಲು. ಅಷ್ಟು ಬಿಸಿ ಹಾಕ್ಬೇಡಿ ಅಂತ ಎಲ್ರಿಗೂ ಹೇಳ್ತೀನಿ, ನಿಮಗೂ ಹೇಳ್ತೀನಿ. ಅದು ಬೇರೆ ಮಾತು. ನಿಮ್ಮ ಮಗಳು ಹೋಗಿದ್ದು ಅದ್ರಿಂದ ಅಲ್ಲ."

"ಬೆಳಿಗ್ಗೆನೇ ನೋಡಿದ್ನಲ್ಲ, ಕೆಂಪಗೆ ಹೋಗಿದ್ದು..."

ಡಾಕ್ಟರಮ್ಮ ಅಮ್ಮನ ಕಡೆ ಪೂರ್ತಿ ತಿರುಗಿ ಕೂತರು. ಸುಲಭದ ಉತ್ತರ ಕೈಗೆಟುಕುವ ಹಾಗಿತ್ತು. "ಆಗ್ಲೇ ಫೋನ್ ಮಾಡಿದ್ರೆ ಇನ್ನೊಂದಿಷ್ಟು ಹೊತ್ತು ಸಿಗ್ತಿತ್ತು. ಸುಳ್ಳು ಹೇಳಲ್ಲ. ಅದ್ರಿಂದ ಉಳೀತಿದ್ಲಾ ಅಂದ್ರೆ ನಂಗೂ ಗೊತ್ತಿಲ್ಲ. ಆದ್ರೆ ಕೆಂಪು ಕಂಡ್ರೆ ಫೋನ್ ಮಾಡಿ ಅಂತ ನಿಮಗೆ ಯಾರೂ ಹೇಳಿರ್ಲಿಲ್ಲ ಕಣಮ್ಮ. ಹೇಳ್ದೇ ಇರೋದನ್ನ ನೀವು ಹೆಂಗೆ ಮಾಡ್ತೀರಿ?"

ಅಮ್ಮ ಅತ್ತಳು. ಅಕ್ಕ ಹೋದ ಮೇಲೆ ಅವಳು ಅತ್ತದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಬಾಗಿಲ ಪಕ್ಕ ಕೂತಿದ್ದ ಅತ್ತೆ ತಮ್ಮ ಬಾಟಲಿಯನ್ನೇ ನೋಡುತ್ತಿದ್ದರು. ಆಮೇಲೆ ನನ್ನನ್ನು ಕರೆದು, "ಒಂದ್ ಲೋಟ ನೀರು ಕೊಡವ್ವ" ಎಂದರು. ಕುಡಿದು, ಲೋಟವನ್ನು ತಾವೇ ಒಳಗೆ ತೆಗೆದುಕೊಂಡು ಹೋಗಿ ತೊಳೆದಿಟ್ಟರು. ಆ ದಿನ ಮಗು ಸಮೇತನಹಳ್ಳಿಗೆ ಹೋಗಲಿಲ್ಲ. ಸ್ವಲ್ಪ ದಿನ ಇಲ್ಲೇ ಇರಲಿ ಎಂದು ಭಾವ ಹೇಳಿದರು. ಅತ್ತೆ ತಮ್ಮ ಬಾಟಲಿಯನ್ನಷ್ಟೇ ಎತ್ತಿಕೊಂಡು ಹೊರಟರು.

ಮರುದಿನ ಬೆಳಿಗ್ಗೆ ನನಗೆ ಎಚ್ಚರವಾದದ್ದು ಸೌದೆಯ ಹೊಗೆಗೆ. ಎದ್ದು ಹೋಗಿ ನೋಡಿದೆ. ಒಲೆಯ ಬಾಯಿಂದ ತಗಡು ತೆಗೆದಿತ್ತು, ಕಲ್ಲು ಮೂಲೆಯಲ್ಲಿತ್ತು. ಅಮ್ಮ ಬಚ್ಚಲಲ್ಲಿ ಕಾಲು ಚಾಚಿ ಕೂತು, ಮಗುವನ್ನು ಮೊಣಕಾಲುಗಳ ಮೇಲೆ ಬೋರಲು ಮಲಗಿಸಿಕೊಂಡು, ಮೊಳಕೈಯಿಂದ ನೀರಿನ ಬಿಸಿ ನೋಡುತ್ತಿದ್ದಳು. ಒಮ್ಮೆ ನೋಡಿ ತಣ್ಣೀರು ಬೆರೆಸಿದಳು, ಮತ್ತೆ ನೋಡಿ ಮತ್ತೆ ಬೆರೆಸಿದಳು. ಮಗು ಊರಿಗೆಲ್ಲ ಕೇಳುವ ಹಾಗೆ ಕಿರುಚಿತು. ಆಮೇಲೆ ಮಧ್ಯಾಹ್ನದವರೆಗೆ ನಿದ್ದೆ ಮಾಡಿತು. ನಾನು ಒರೆಸುತ್ತಿದ್ದಾಗ ಅದು ಹಾಗೆ ಎಂದೂ ನಿದ್ದೆ ಮಾಡಿರಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಅವರನ್ನು ಒಳ್ಳೆಯ ಡಾಕ್ಟರು ಎಂದು ನೆನೆದು ಸುಮ್ಮನಾಗುತ್ತಿದ್ದೆ. ಅವರು ಮೂರನೆಯ ಸಲವೂ ಬಂದರು, ಅಮ್ಮನಿಂದ ಒಂದು ಕೆಲಸ ಆಗಬೇಕೆಂದು ಕೇಳಿಕೊಂಡು. "ಇಷ್ಟು ವರ್ಷದಲ್ಲಿ ನಂಗೆ ಹೊಳೀಲೇ ಇಲ್ಲ ನೋಡಿ. ನಮ್ಮೋರು ಬಾಣಂತೀನ ನೋಡೋದು ಅವಾಗೊಮ್ಮೆ ಇವಾಗೊಮ್ಮೆ. ದಿನಾ ಬೆಳಿಗ್ಗೆ ಮೈ ನೋಡೋರು ನೀರು ಹಾಕೋರು. ಕೆಂಪು ಮೊದಲು ಕಾಣೋದು ಬಚ್ಚಲಲ್ಲಿ." ನಮ್ಮ ಸುತ್ತಲಿನ ಊರುಗಳಲ್ಲಿ ಬಾಣಂತಿಯರಿಗೆ ನೀರು ಹಾಕುವ ಅಜ್ಜಿಯರನ್ನು, ಚಿಕ್ಕಮ್ಮಂದಿರನ್ನು ಅಂಗನವಾಡಿಗೆ ಕರೆಸಿದರು. ಅವರಲ್ಲೊಬ್ಬ ಅಜ್ಜಿ ಸೊಂಟದ ಮೇಲೆ ಕೈಯಿಟ್ಟು, "ಏನ್ ಡಾಕ್ಟರಮ್ಮ, ನೀರು ಹುಯ್ಯೋದು ನಮಗೇ ಕಲಿಸ್ತೀರಾ?" ಎಂದಳು.

"ಇಲ್ಲ ಕಣವ್ವ. ನಿಲ್ಸೋದು ಕಲಿಸ್ತೀನಿ."

ಎಲ್ಲರೂ ನಕ್ಕರು. ಆಮೇಲೆ ಅಮ್ಮ ಎದ್ದಳು. ಅವಳೂ ನನ್ನ ಹಾಗೆ, ನಾಲ್ಕು ಜನರ ಮುಂದೆ ಮಾತಾಡಿದವಳಲ್ಲ. ಎರಡೇ ಮಾತು ಹೇಳಿದಳು. "ಬಚ್ಚಲ ನೀರು ಕೆಂಪಾದ್ರೆ ತಂಬಿಗೆ ಕೆಳಗಿಡಿ, ಫೋನ್ ಮಾಡಿ. ನಂಗೆ ಗೊತ್ತಿರ್ಲಿಲ್ಲ, ಇಡ್ಲಿಲ್ಲ." ನಗು ನಿಂತುಹೋಯಿತು. ಸೊಂಟದ ಮೇಲೆ ಕೈಯಿಟ್ಟಿದ್ದ ಅಜ್ಜಿ ಬಂದು ಅಮ್ಮನ ಪಕ್ಕ ಕೂತಳು.

ಡೈರಿಯ ಗೋಡೆಯ ಮೇಲೆ ಈಗ ದೊಡ್ಡ ಅಕ್ಷರದಲ್ಲಿ 'ಆಂಬುಲೆನ್ಸ್ ಇಲ್ಲಿಗೆ ಬರುತ್ತದೆ' ಎಂದು ಬರೆದಿದೆ. ಅದನ್ನು ಬರೆಸಲು, ಫೋನ್ ಎತ್ತುವವರು 'ಯಾವ ಬದಿ?' ಎಂದು ಕೇಳುವಂತೆ ಮಾಡಲು ಅವರು ಎಷ್ಟು ಆಫೀಸು ಅಲೆದರೋ. ಇದರ ಹಿಂದೆ ಯಾಕೆ ಬಿದ್ದಿದ್ದೀರಿ ಎಂದು ಯಾರೋ ಕೇಳಿದಾಗ, "ನಾನು ದೇವನಹಳ್ಳಿ ತಾಲ್ಲೂಕು ಚನ್ನರಾಯಪಟ್ಟಣ ಹೋಬಳಿ ರೈತನ ಮಗಳು. ನಮ್ಮಪ್ಪ ಹೊಲ ಬಿಡಲ್ಲ ಅಂತ ಕೂತ್ರೆ ಯಾವ ಆಫೀಸರ್ ಬಂದ್ರೂ ಏಳ್ತಿರ್ಲಿಲ್ಲ. ನಾನು ಒಂದು ಗೋಡೆಗೆ ಸೋಲ್ತೀನಾ?" ಎಂದರಂತೆ.

ಓದು ಮುಗಿದ ಮೇಲೆ ನಾನು ಅವರ ಕಚೇರಿಯಲ್ಲಿ ಗುತ್ತಿಗೆಯ ಮೇಲೆ ಕೆಲಸಕ್ಕೆ ಸೇರಿದೆ. ಅವರಿಂದಾಗಿ ಸೇರಿದೆಯಾ ಎಂದು ಯಾರಾದರೂ ಕೇಳಿದರೆ ಇಲ್ಲ, ಕೆಲಸ ಖಾಲಿ ಇತ್ತು ಎನ್ನುತ್ತೇನೆ. ಕೆಲಸ ಖಾಲಿ ಇದ್ದದ್ದು ನಿಜ. ಜೊತೆಯಲ್ಲಿ ಕೆಲಸ ಮಾಡುವಾಗ ಅವರು ಸುಲಭದವರಾಗಿರಲಿಲ್ಲ. ಹೆಸರುಗಳನ್ನು ಮರೆಯುತ್ತಿದ್ದರು. ವರ್ಷವಿಡೀ ಜೊತೆಗಿದ್ದರೂ ನನ್ನನ್ನು ಒಮ್ಮೊಮ್ಮೆ ಹಿಂದಿದ್ದ ಹುಡುಗಿಯ ಹೆಸರಿನಿಂದ ಕರೆಯುತ್ತಿದ್ದರು. ಸಾವಿನ ಮನೆಯಲ್ಲಿ ಇದ್ದ ತಾಳ್ಮೆಯ ಕಾಲು ಭಾಗವೂ ಮೀಟಿಂಗಿನಲ್ಲಿ ಇರುತ್ತಿರಲಿಲ್ಲ. "ಮನೇಲಿ ಯಾಕೆ ಅಂತ ಕೇಳ್ಬೇಡ, ಆಮೇಲೇನಾಯ್ತು ಅಂತ ಕೇಳು. ಯಾಕೆ ಅನ್ನೋದನ್ನ ಇಲ್ಲಿ ಕೇಳು" ಎಂದು ಮೇಜು ಕುಟ್ಟುತ್ತಿದ್ದರು. ಒಮ್ಮೆ ಒಬ್ಬ ಯುವ ಡಾಕ್ಟರಿಗೆ, ಫೋನ್ ಮಾಡದೆ ರೋಗಿಯನ್ನು ಮುಂದಕ್ಕೆ ಕಳಿಸಿದ್ದಕ್ಕೆ, ಎಲ್ಲರೆದುರು ಎಷ್ಟು ಕೂಗಾಡಿದರು ಎಂದರೆ ಆತ ಕಣ್ಣೀರು ಹಾಕಿದ. ಊಟದ ಹೊತ್ತಿನಲ್ಲಿ ನೋಡಿದರೆ ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತಿದ್ದಾರೆ. ಇವರು ಚಕ್ಕೋತ ಬಿಡಿಸಿ ಕೊಡುತ್ತಿದ್ದಾರೆ. "ನಿನ್ನ ಮೇಲೆ ಕೇಸ್ ಹಾಕೋಕಲ್ಲ ಕಣೋ ನಾವು ಕೂರೋದು. ನಾಳೆ ನಿನ್ನ ಮುಂದೆ ಇನ್ನೊಬ್ಳು ಬರ್ತಾಳೆ. ಅವಳಿಗೋಸ್ಕರ." ಆತ ತಲೆಯಾಡಿಸುತ್ತಾ ತಿನ್ನುತ್ತಿದ್ದ. ಈಗ ರೋಗಿಯನ್ನು ಕಳಿಸುವ ಮೊದಲು ಎರಡೆರಡು ಸಲ ಫೋನ್ ಮಾಡುವವನು ಎಂದರೆ ಆತನೇ.

ಒಂದು ದಿನ ಪಕ್ಕದ ಊರಿನಿಂದ ಸುದ್ದಿ ಬಂತು. ಅಂಗನವಾಡಿಯಲ್ಲಿ ಸವಾಲು ಹಾಕಿದ್ದ ಅಜ್ಜಿಯೇ ಮೊಮ್ಮಗಳಿಗೆ ನೀರು ಹಾಕುತ್ತಿದ್ದಾಗ ಕೆಂಪು ಕಂಡು, ಸೋಪು ಹಚ್ಚಿದ್ದನ್ನು ಹಾಗೇ ಬಿಟ್ಟು, ತಂಬಿಗೆ ಕೆಳಗಿಟ್ಟು ಕೂಗಿದಳಂತೆ. ಆಂಬುಲೆನ್ಸು ಸರಿಯಾದ ಬದಿಗೆ ಬಂತು. ಮುಂದಿನ ಆಸ್ಪತ್ರೆಯಲ್ಲಿ ರಕ್ತ ಸಿದ್ಧವಾಗಿತ್ತು. ಹುಡುಗಿ ಮನೆಗೆ ಮರಳಿದಳು. ಅಜ್ಜಿ ಮಗುವಿನ ನಾಮಕರಣಕ್ಕೆ ಮಾಡಿದ ಒಬ್ಬಟ್ಟು ಕಟ್ಟಿ ಕಳಿಸಿದಳು. ಡಾಕ್ಟರಮ್ಮ ಜೀಪಿನಲ್ಲಿ ಒಂದು ತಿಂದರು, ಡ್ರೈವರಿಗೊಂದು, ನನಗೊಂದು ಕೊಟ್ಟರು, ಬಾಯಿ ತೆರೆದು ನಿದ್ದೆಹೋದರು. ಅವರ ಸಂತೋಷ ಹಾಗಿರುತ್ತಿತ್ತು.

ನಾನು ಅವರೊಡನೆ ಕೊನೆಯ ಸಲ ಹೋದ ಮನೆ ದೊಡ್ಡಬಳ್ಳಾಪುರದ ಕಡೆಯದು. ಅಲ್ಲಿಯೂ ಒಬ್ಬ ತಾಯಿ, ಗೋಡೆಗೆ ಒರಗಿ ಕೂತವಳು. ಡಾಕ್ಟರಮ್ಮ ನೀರು ಕೇಳಿ ಕುಡಿದರು, ಆಮೇಲೇನಾಯ್ತು ಎಂದು ಕೇಳುತ್ತಾ ಹೋದರು. ಮುಗಿದ ಮೇಲೆ ಗೋಡೆ ಹಿಡಿದು ಎದ್ದರು. ಮಂಡಿ ಲಟಕ್ಕೆಂದಿತು. ಹೊಸಿಲು ದಾಟಿ ಚಪ್ಪಲಿ ಮೆಟ್ಟಿದರು. ನಾನು ಆ ಮಾತಿಗೆ ಕಾದೆ. ಅವರು ಹೇಳಲಿಲ್ಲ. ಬಾಗಿಲ ಕಂಬ ಹಿಡಿದು ನನ್ನ ಮುಖ ನೋಡಿದರು. ಆ ವಾರದ ಕೊನೆಗೆ ಅವರ ನಿವೃತ್ತಿ. ಮತ್ತೆ ಈ ಮನೆಗೆ ಬರುವ ಅಧಿಕಾರ ಅವರಿಗಿರುವುದಿಲ್ಲ, ಮಾಡಲಾಗದ್ದನ್ನು ಅವರು ಹೇಳುವವರಲ್ಲ. ಅಂಗಳದಲ್ಲಿ ನೆಂಟರು ನಿಂತಿದ್ದರು. ಚಿಕ್ಕಂದಿನಿಂದ ನಾಲಗೆಗೆ ಕಲಿಸಿದ ಮೌನವೊಂದು ನನ್ನಲ್ಲೂ ಇತ್ತು.

"ಬರ್ತೀನಮ್ಮ" ಎಂದೆ. ನನ್ನ ದನಿ ನನಗೇ ದೊಡ್ಡದಾಗಿ ಕೇಳಿಸಿತು. ಯಾರೋ ಉಸಿರೆಳೆದುಕೊಂಡರು. ಡಾಕ್ಟರಮ್ಮ ಆಗಲೇ ಜೀಪಿನ ಕಡೆ ನಡೆಯುತ್ತಿದ್ದರು. ಆ ದಿನ ದಾರಿಯುದ್ದಕ್ಕೂ ಅವರು ನಿದ್ದೆ ಮಾಡಿದರು.

ಅವರ ಜಾಗಕ್ಕೆ ಇನ್ನೂ ಯಾರೂ ಬಂದಿಲ್ಲ. ಆ ಮನೆಯ ಸಾವಿನ ಬಗ್ಗೆ ಮೀಟಿಂಗ್ ನಡೆಯಿತು, ಗೊತ್ತಾಗಬೇಕಾದದ್ದು ಗೊತ್ತಾಯಿತು. ಅದನ್ನು ಹೇಳಿ ಬರಲು ನನಗೆ ಅನುಮತಿ ಸಿಕ್ಕಿತು, ಜೊತೆಗೆ ಬರುವುದಾಗಿ ಆ ಯುವ ಡಾಕ್ಟರ್ ಒಪ್ಪಿಕೊಂಡ. ಹೊರಡುವ ದಿನ ಬೆಳಿಗ್ಗೆ ಬಚ್ಚಲಲ್ಲಿ ಅಮ್ಮ ಮಗುವಿಗೆ ನೀರು ಹಾಕುತ್ತಿದ್ದಳು. ಮಗು ಎಂದರೆ ಈಗ ಸಣ್ಣದಲ್ಲ. ವಾರಕ್ಕೊಮ್ಮೆ ಸಮೇತನಹಳ್ಳಿಗೆ ಹೋಗಿ, ಆ ಅಜ್ಜಿಯ ಹತ್ತಿರ ನಮ್ಮ ಮೇಲೆ, ನಮ್ಮ ಹತ್ತಿರ ಆ ಅಜ್ಜಿಯ ಮೇಲೆ ಚಾಡಿ ಹೇಳುವಷ್ಟು ದೊಡ್ಡವಳು. "ಬಿಸಿ! ಅಜ್ಜಿ, ಬಿಸಿ!" ಎಂದು ಕುಣಿಯುತ್ತಿದ್ದಳು.

"ಎಲ್ಲಿ ಬಿಸಿ? ಸುಮ್ನಿರೇ ಕಳ್ಳಿ" ಎನ್ನುತ್ತಾ ಅಮ್ಮ ತಣ್ಣೀರು ಬೆರೆಸುತ್ತಿದ್ದಳು. ನಾನು ಚೀಲ ಹೆಗಲಿಗೇರಿಸಿದ್ದು ಕಂಡು, "ಇಷ್ಟು ಬೇಗ ಎಲ್ಲಿಗೆ?" ಎಂದಳು.

"ದೊಡ್ಡಬಳ್ಳಾಪುರದ ಕಡೆ. ಆ ಮನೆಗೆ. ಬರ್ತೀನಿ ಅಂದಿದ್ದೆ."

ಅಮ್ಮನ ಕೈಯಲ್ಲಿದ್ದ ತಂಬಿಗೆ ಒಂದು ಕ್ಷಣ ಹಾಗೇ ನಿಂತಿತು.

"ಹಂಗಾದ್ರೆ ಬೇಗ ಹೋಗು" ಎಂದಳು. "ಎಲ್ ಬರ್ತಾರೆ ಅಂತ ಬಾಯಲ್ಲಿ ಅನ್ಕೊಂಡು, ಬಾಗಿಲು ನೋಡ್ತಾ ಕೂತಿರ್ತಾರೆ."